ಇಪ್ಪತ್ತೊಂದನೇ ದಿನದ ಮೊಟ್ಟೆ

"ಇನ್ನೊಂದು ಹೆಜ್ಜೆ ಇಟ್ರೆ ಗುಂಡು ಹೊಡಿತೀನಿ!"

ನಿಂತೆ. ಎರಡು ದೇಶಗಳ ಗೇಟುಗಳ ನಡುವೆ, ನಲವತ್ತು ಮೀಟರ್ ಡಾಂಬರಿನ ಮೇಲೆ, ಎರಡೂ ಕೈ ಮೇಲೆತ್ತಿ. ಬಲಗೈಯಲ್ಲಿ ಪಿಸ್ತೂಲ್ ಇತ್ತು ಅಂದುಕೊಂಡಿರಾ? ಕೋಳಿಮೊಟ್ಟೆಯ ಹೆಲ್ತ್ ಸರ್ಟಿಫಿಕೇಟ್ ಸ್ವಾಮಿ...

ಈ ಗಡಿಯಲ್ಲಿ ಸರಕು ದಾಟಿಸಿಕೊಡೋದ್ರಲ್ಲಿ ನಾನೇ ದೊಡ್ಡ ಏಜೆಂಟ್. ನಾನು ಕೆಮ್ಮಿದರೆ ಸಾಕು, ಗೇಟು ತೆರೆಯುತ್ತೆ... ಹಾಗಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ನಂಬಿದ್ದು ನಮ್ಮಕ್ಕ.

ಅವಳ ಲಾರಿ ಮೂರು ದಿನದಿಂದ ನಮ್ಮ ಗೇಟಿನಲ್ಲೇ ನಿಂತಿತ್ತು. ಒಳಗೆ ಎರಡು ಸಾವಿರ ಮೊಟ್ಟೆ, ಹದಿನೆಂಟು ದಿನ ಕಾವು ಕೊಟ್ಟು ಹೇರಿದವು. ಆಚೆ ದೇಶದ ಫಾರಂನಿಂದ ಬಂದ ಮೊದಲ ಆರ್ಡರ್. ಇದು ಕೈತಪ್ಪಿದರೆ ಅವಳ ಹ್ಯಾಚರಿಗೆ ಬೀಗ. ಮೊಟ್ಟೆ ಒಡೆಯುವುದು ಇಪ್ಪತ್ತೊಂದನೇ ದಿನ.

ಅಂದರೆ ಇವತ್ತು.

ಹಳೇ ಆಫೀಸರುಗಳು ನನ್ನ ಮುಖ ನೋಡಿಯೇ ಸೀಲ್ ಒತ್ತುತ್ತಿದ್ದರು. ಹೋದ ವಾರ ಎರಡೂ ಕಡೆಯವರಿಗೆ ವರ್ಗವಾಯಿತು. ಹೊಸಬರು ರೂಲ್ಸ್ ಓದಿಕೊಂಡು ಬಂದಿದ್ದರು.

"ಮೊದ್ಲು ಅವರ ಸೀಲ್ ತನ್ನಿ" ಅಂದ ನಮ್ಮ ಆಫೀಸರ್.

ಓಡಿದೆ.

"ಮೊದ್ಲು ನಿಮ್ಮವರ ಸೀಲ್" ಅಂದ ಆಚೆಯವನು.

ವಾಪಸ್ ಓಡಿದೆ. ಏಳನೇ ಓಟಕ್ಕೆ ಗಾರ್ಡ್ ಬಂದೂಕು ಎತ್ತಿದ. ಕಳ್ಳಸಾಗಣೆ ಮಾಡುವವನಿಗೆ ಇಷ್ಟು ದೊಡ್ಡ ಹೊಟ್ಟೆ ಇರಲ್ಲ ಅಂತ ಹೊಳೆದ ಮೇಲೆ ಬಿಟ್ಟ.

ಏದುಸಿರು ಬಿಡುತ್ತಾ ಬಂದು ನಮ್ಮ ಆಫೀಸರನ ಮೇಜು ಗುದ್ದಿದೆ.

"ಯಾವ ತಲೆಕೆಟ್ಟವನು ರೀ ಈ ರೂಲ್ ಮಾಡಿಸಿದ್ದು?"

ಅವನು ಒಂದು ಫೈಲ್ ತೆಗೆದು ನನ್ನ ಕಡೆ ತಿರುಗಿಸಿಟ್ಟ.

ಗಡಿ ಏಜೆಂಟರ ಸಂಘದ ಮನವಿ ಪತ್ರ. ಏಜೆಂಟ್ ಇಲ್ಲದೆ ನರಪಿಳ್ಳೆಯೂ ಸರಕು ದಾಟಿಸಬಾರದು, ಆಚೆಯವರ ಸೀಲ್ ನೋಡದೆ ಯಾವ ಕಡೆಯವರೂ ಸೀಲ್ ಒತ್ತಬಾರದು ಅಂತ ಎರಡೂ ಸರ್ಕಾರಗಳ ಕಾಲು ಹಿಡಿದು ಮಾಡಿಸಿದ ರೂಲು. ಕೆಳಗೆ ಅಧ್ಯಕ್ಷನ ಸಹಿ.

ನನ್ನದೇ!

ಲಾರಿಯಿಂದ ಇಳಿದು ಬಂದು ನನ್ನ ಹಿಂದೆ ನಿಂತಿದ್ದ ಅಕ್ಕ ಅದನ್ನು ಪೂರ್ತಿ ಓದಿದಳು. ಆ ಗಾರ್ಡ್ ಗುಂಡು ಹೊಡೆದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅಷ್ಟರಲ್ಲಿ ಲಾರಿಯೊಳಗೆ ಚಿಂವ್ ಅಂತ ಒಂದು ಸದ್ದು. ಆಮೇಲೆ ಹತ್ತು. ಆಮೇಲೆ ಇಡೀ ಲಾರಿ...

ಆಫೀಸರ್ ಕಿಟಕಿಯಿಂದ ಇಣುಕಿದ. ಪರ್ಮಿಟ್ ಮೇಲೆ ಅಡ್ಡ ಗೀಟು ಎಳೆದ.

"ಇದು ಮೊಟ್ಟೆಗೆ ಕೊಟ್ಟಿದ್ದು. ಮರಿಗಳಿಗೆ ಬೇರೆ ಅರ್ಜಿ ಹಾಕಿ. ಏಜೆಂಟ್ ಮೂಲಕ."

ಅಕ್ಕ ನನ್ನ ಮುಖ ನೋಡಿದಳು. ಬೈಯಲಿಲ್ಲ.

"ಯಾರಾದ್ರೂ ಒಳ್ಳೇ ಏಜೆಂಟ್ ಇದ್ರೆ ಹೇಳೋ" ಅಂದಳು.