ಜಲಜ ಬೇಡವೆಂದ ಬುಟ್ಟಿ

ಮೊದಲ ಸಲ ಕಂಡ ದಿನವೇ ಜಲಜ ಪಾಂಡುವಿನ ಮಾನ ಕಳೆದಿದ್ದಳು!

ಗಂಗೊಳ್ಳಿ ಬಂದರಿನಲ್ಲಿ, ಹತ್ತು ಜನರ ಎದುರು. ಬೋಟಿನಿಂದ ಅವನು ಇಳಿಸಿದ ಬಂಗುಡೆ ಮೀನಿನ ಬುಟ್ಟಿಗೆ ಕೈ ಹಾಕಿ, ಒಂದೊಂದರ ಕಿವಿರು ಎತ್ತಿ ನೋಡಿ, "ಇದ್ರಲ್ ಎಂತ ಇತ್ತ್? ಎಲ್ಲ ಹಾಳಾಯ್ತ್. ವಾಪಸ್ ತಕಂಡ್ ಹೋಯ್ನಿ" ಎಂದಿದ್ದಳು ಆ ಮೀನು ಮಾರುವ ಹುಡುಗಿ. ಅವನು ನುಂಗುವ ಹಾಗೆ ದುರುಗುಟ್ಟಿ ನೋಡಿದ. ಆರು ತಿಂಗಳಿಗೆ ಅವಳನ್ನೇ ಮದುವೆಯಾದ. ಪ್ರೀತಿಗೆ ಬುದ್ಧಿ ಎಲ್ಲಿದೆ ಹೇಳಿ!

ಅದಾಗಿ ಒಂಬತ್ತು ವರ್ಷ. 2014ರ ಜೂನ್, ಬೋಟುಗಳಿಗೆ ಮಳೆಗಾಲದ ರಜೆ. ಬ್ರಹ್ಮಾವರದ ಆಸ್ಪತ್ರೆಯ ಮಂಚದ ಮೇಲೆ ಜಲಜ ಮಲಗಿದ್ದಾಳೆ. ಬೆಳಿಗ್ಗೆಯೇ ಅವಳ ಅಂಡಾಣುಗಳನ್ನು ಹೊರತೆಗೆದಿದ್ದರು. ಇನ್ನು ಬೇಕಾದದ್ದು ಪಾಂಡುವಿನ ವೀರ್ಯ.

ಮಗುವಿಗಾಗಿ ಮಾಡಿಸಿದ ಚಿಕಿತ್ಸೆ ಎರಡು ಸಲವೂ ಫಲಿಸಿರಲಿಲ್ಲ. ಈ ಸಲ ಡಾಕ್ಟರು ಬೇರೆ ದಾರಿ ಹೇಳಿದ್ದರು. ಆರು ಸಾವಿರ ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳನ್ನು ಒಂದೊಂದಾಗಿ ನೋಡುತ್ತಾರಂತೆ. ತಲೆಯ ಆಕಾರ ಸರಿ ಇದೆಯೇ, ಅದರಲ್ಲಿ ತೂತಿನಂಥ ಗುಳಿಗಳಿವೆಯೇ... ಒಳ್ಳೆಯದನ್ನು ಆರಿಸಿ ಅಂಡಾಣುವಿನೊಳಗೆ ಸೇರಿಸುತ್ತಾರಂತೆ.

ಅದನ್ನು ಕೇಳಿದ ದಿನದಿಂದ ಪಾಂಡು ಅವಳ ಮುಖ ನೋಡಿ ಮಾತಾಡಿರಲಿಲ್ಲ.

ನಾನು ಅವರಿಗೆ ಸಾಕಾಗಿದ್ದೇನೆ... ಅದೊಂದೇ ಯೋಚನೆ ಜಲಜಳನ್ನು ತಿನ್ನುತ್ತಿತ್ತು.

ಅಷ್ಟರಲ್ಲಿ ನರ್ಸ್ ಬಂದಳು. ನಿಮ್ಮ ಯಜಮಾನರು ವೀರ್ಯ ತುಂಬಿಸಲು ಕೊಟ್ಟ ಡಬ್ಬಿಯನ್ನು ಖಾಲಿಯಾಗಿಯೇ ಹಿಡಿದುಕೊಂಡು ಕೋಣೆಯಿಂದ ಹೊರಗೆ ಹೋದರು, ತುಂಬ ತಡವಾದರೆ ಕಷ್ಟ ಎಂದಳು.

ಬಿಟ್ಟೇ ಹೋದರಾ?

ಮಲಗಿರಿ ಎಂದರೂ ಕೇಳದೆ, ಜಲಜ ನರ್ಸ್‌ನ ಹೆಗಲು ಹಿಡಿದು ಎದ್ದು ಹೊರಗೆ ಬಂದಳು. ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಪಾಂಡು ಕುಳಿತಿದ್ದ. ಡಬ್ಬಿ ಇನ್ನೂ ಅವನ ಮುಷ್ಟಿಯಲ್ಲಿತ್ತು. ನರ್ಸ್ ಸುಮ್ಮನೆ ದೂರ ಸರಿದಳು.

"ಹ್ವಾಯ್... ನಾ ಬ್ಯಾಡ್ದಿರೆ ಬಾಯ್ ಬಿಟ್ಟ್ ಹೇಳಿನಿ. ಇಲ್ ತಂದ್ ಮಲ್ಗ್ಸಿ ಓಡುದ್ ಎಂತಕೆ?"

ಅವನು ತಲೆ ಎತ್ತಿದ. ಕಣ್ಣು ತುಂಬಿತ್ತು.

"ನೀ ಅಲ್ಲ ಹೆಣೆ... ನಾನ್. ಅವ್ರ್ ಒಂದೊಂದೇ ಎತ್ತಿ ಕಾಂತ್ರ್, ಅವತ್ ನೀ ಕಂಡಾಂಗೆ. ಒಂದೂ ಒಳ್ಳೆದ್ ಇಲ್ಲ ಅಂದ್ರೆ? ಬುಟ್ಟಿ ವಾಪಸ್ ಕಳ್ಸ್ರೆ?"

ಒಂಬತ್ತು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರಾ ಈ ಮನುಷ್ಯ? ಜಲಜ ಮೆಲ್ಲಗೆ ಅವನ ಪಕ್ಕ ಕುಳಿತಳು.

ಆಮೇಲೆ, ಯಾರಿಗೂ ಹೇಳದ್ದನ್ನು ಹೇಳಿದಳು. ಅವತ್ತು ಆ ಬುಟ್ಟಿಯ ಅಡಿಯಿಂದ ಎರಡು ಮೀನು ಎತ್ತಿಟ್ಟುಕೊಂಡಿದ್ದಳು. ಮನೆಯಲ್ಲಿ ಸಾರು ಮಾಡಿ, ಅವನ ಸಿಟ್ಟಿನ ಮುಖವನ್ನೇ ನೆನೆಯುತ್ತಾ ಉಂಡಿದ್ದಳು. ಹೇಳಲು ನಾಚಿಕೆಯಾಗಿತ್ತು.

"ಒಳ್ಳೆ ಮೀನೇ. ಅಡಿಯಗಿತ್ತ್, ಅಷ್ಟೆ."

ಪಾಂಡು ಡಬ್ಬಿಯನ್ನು ನೋಡಿದ. "ಈ ಸಲ ಅಡಿಯಗೂ ಇಲ್ದಿರೆ?"

ಡಬ್ಬಿ ಹಿಡಿದ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಇಲ್ದಿರೆ ಇಬ್ರೂ ಒಟ್ಟಿಗೆ ಮನೆಗ್ ಹೋಪ. ನಿಮ್ಮನ್ನ್ ಮಾತ್ರ ನಾ ವಾಪಸ್ ಕಳ್ಸುದಿಲ್ಲ."

ಅವನು ಅವಳ ಮುಖ ನೋಡಿದ. ಆಮೇಲೆ ಎದ್ದ. ಕೋಣೆಯ ಕಡೆ ಎರಡು ಹೆಜ್ಜೆ ಹೋಗಿ ತಿರುಗಿದ.

"ಇಲ್ಲೇ ಇರ್ತ್ಯಾ?"

"ಇಲ್ಲೇ ಇರ್ತೆ. ಹೋಯಿ ಬನ್ನಿ."