ಹೆಸರಿಲ್ಲದ ಅಳತೆ

ದುರುಗವ್ವ ಹಾಲಿನ ಕ್ಯಾನು ಕೆಳಗಿಡುವಷ್ಟರಲ್ಲಿ ಅವಳ ಮೈಯ ನಲವತ್ತೆರಡು ಅಳತೆಗಳು ಕನ್ನಡಿಯ ಮೇಲೆ ಮೂಡಿದವು.

"ಅಯ್ಯ, ನನ್ನ ಮುಟ್ಟೇ ಇಲ್ಲಲ್ಲ ಇದು!"

"ನಾ ಟೇಪ್ ಹಿಡದ್ರ ಕಚಗುಳಿ ಅಂತ ಕುಣೀತಿದ್ದಿ. ಈಗ ಹೆಂಗ ಗಪ್ಪನ ನಿಂತಿ ನೋಡು," ಎಂದಳು ಸುಮಿತ್ರಾಬಾಯಿ.

ಗದಗಿನ ಆ ಓಣಿಯಲ್ಲಿ ಮೂವತ್ತು ವರ್ಷಗಳಿಂದ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದ ಸುಮಿತ್ರಾಬಾಯಿಯ ಅಂಗಡಿಗೆ ಅಳತೆಗನ್ನಡಿ ಬಂದು ವಾರವಾಗಿತ್ತು. ಕಂಪನಿ ಅದನ್ನು ಪುಕ್ಕಟೆ ಕೊಟ್ಟಿತ್ತು. ಕನ್ನಡಿಯಿಂದ ಹೊರಟ ಸೂಕ್ಷ್ಮ ತರಂಗಗಳು ಬಟ್ಟೆಯನ್ನು ದಾಟಿ, ಮೈಗೆ ತಗುಲಿ ಮರಳುತ್ತವೆ; ಮರಳಲು ಹಿಡಿದ ಸಮಯದಿಂದ ಅಳತೆ ಸಿಗುತ್ತದೆ. ಅಳತೆಗಳು ಕಂಪನಿಯ ದತ್ತಭಂಡಾರಕ್ಕೆ ಹೋಗುತ್ತವೆ, ಹೆಸರು ಹೋಗುವುದಿಲ್ಲ. ಅಲ್ಲಿಂದ ಅವು ವಿಮೆಯವರಿಗೆ, ವಧೂವರ ಕೇಂದ್ರಗಳಿಗೆ, ಕೇಳಿದವರಿಗೆಲ್ಲ ಸಿಗುತ್ತವೆ ಎಂಬುದು ಕರಾರಿನ ಹನ್ನೊಂದನೆಯ ಪುಟದಲ್ಲಿತ್ತು. ಸಹಿ ಮಾಡುವ ಮೊದಲು ಸುಮಿತ್ರಾಬಾಯಿ ಓದಿದ್ದು ಮೊದಲ ಪುಟವನ್ನು ಮಾತ್ರ.

ಮೊದಲ ದಿನವೇ ಕಮಲಾಕ್ಷಿ ಬಟ್ಟೆ ಕೊಡಲು ಬಂದು ಕನ್ನಡಿಯ ಮುಂದೆ ಹಾದುಹೋಗಿದ್ದಳು. ಆರು ವರ್ಷಗಳ ಹಿಂದೆ ಕ್ಯಾನ್ಸರಿನಿಂದ ಅವಳ ಎಡ ಸ್ತನವನ್ನು ತೆಗೆದಿದ್ದರು. ಮನೆಯವರನ್ನು ಬಿಟ್ಟರೆ ಅದು ಗೊತ್ತಿದ್ದದ್ದು ಸುಮಿತ್ರಾಬಾಯಿಗೆ ಮಾತ್ರ. ಆಕೆ ಕುಪ್ಪಸದ ಒಳಗೆ ಹತ್ತಿಯ ಪದರವಿಟ್ಟು ಹೊಲಿದು, ತನ್ನ ಅಳತೆ ಪುಸ್ತಕದಲ್ಲಿ ಎರಡೂ ಬದಿಗೆ ಒಂದೇ ಅಂಕಿ ಬರೆಯುತ್ತಿದ್ದಳು. ಕನ್ನಡಿ ಹಾಗೆ ಬರೆಯಲಿಲ್ಲ.

"ಮಗಳಿಗೆ ಸಂಬಂಧ ನಡದೈತಿ," ಎಂದಳು ಕಮಲಾಕ್ಷಿ, ಕರಾರಿನ ಹನ್ನೊಂದನೆಯ ಪುಟ ಓದಿ. "ಐತವಾರ ಬೀಗರ ಎದುರು ಕುಂತು ನಾನ ಹೇಳಾಕಿ. ಅದಕ್ಕಿಂತ ಮೊದಲ ಯಾವುದೋ ಮಷೀನು ಹೇಳಬಾರದು."

ಸುಮಿತ್ರಾಬಾಯಿ ಕಂಪನಿಗೆ ಫೋನು ಮಾಡಿದಳು. ಕನ್ನಡಿಯನ್ನು ರೂಪಿಸಿದ ವಿಜ್ಞಾನಿ ಪ್ರಫುಲ್ಲಾ ಕಟಗಿ ಧಾರವಾಡದಿಂದ ತಾವೇ ಬಂದರು.

"ಹೆಸರೇ ಇಲ್ಲವಲ್ಲ ಅಕ್ಕಾರ, ಬರೇ ಅಂಕಿ. ಯಾರದು ಅಂತ ನನಗೂ ತಿಳಿಯೂದಿಲ್ಲ."

"ಒಂದು ಓದ್ರಿ ನೋಡೋಣ."

ಪ್ರಫುಲ್ಲಾ ಕೈಯಲ್ಲಿದ್ದ ಟ್ಯಾಬ್ ನೋಡಿ ಓದಿದರು. "ಬಲ ಭುಜ ಅರ್ಧ ಇಂಚು ಕೆಳಗೆ..."

"ಹಾಲಿನ ದುರುಗವ್ವ. ಬಲಗೈಯಾಗ ಕ್ಯಾನು ಹಿಡೀತಾಳ. ಮುಂದಿಂದು?"

"ಕುತ್ತಿಗೆ ಮುಂದಕ್ಕೆ ಬಾಗಿದೆ, ತೋಳು..."

"ಕಸೂತಿ ಶಾರವ್ವ. ತೋಳಿಂದು ಓದೂದು ಬ್ಯಾಡ."

ಐದು ಹೆಸರಾಗುವಷ್ಟರಲ್ಲಿ ಪ್ರಫುಲ್ಲಾರ ಮುಖ ಸಣ್ಣದಾಗಿತ್ತು. ಆರನೆಯದನ್ನು ಮೆಲ್ಲಗೆ ಓದಿದರು. "ಎಡ ಎದೆ..."

"ಗೊತ್ತಿಲ್ಲ," ಎಂದಳು ಸುಮಿತ್ರಾಬಾಯಿ, ಸೂಜಿಗೆ ದಾರ ಪೋಣಿಸುತ್ತ.

ಪ್ರಫುಲ್ಲಾರಿಗೆ ಅರ್ಥವಾಯಿತು. "ಇದನ್ನ ಅಳಸಬೇಕಂದ್ರ ಅವರ ಹೆಸರು, ಸಹಿ ಬೇಕು. ನಿಯಮ ಹಾಂಗ ಐತಿ."

"ಮುಚ್ಚಾಕ ಮೊದಲ ಬಿಚ್ಚಿ ತೋರಸಬೇಕೇನ್ರಿ?"

ಪ್ರಫುಲ್ಲಾ ಟ್ಯಾಬನ್ನು ಚೀಲಕ್ಕೆ ಹಾಕಿದರು. ಹೊರಡುವಾಗ ಬಾಗಿಲಲ್ಲಿ ನಿಂತು, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಅಂಥಾವು ಇನ್ನೂ ಮೂವತ್ತು ನಲವತ್ತು ಬಂದ್ರ, ಒಂದನ್ನ ಬ್ಯಾರೆ ತಗದು ನೋಡಾಕ ಯಾರಿಗೂ ಆಗೂದಿಲ್ಲ."

ಮರುದಿನ ಸುಮಿತ್ರಾಬಾಯಿ ಓಣಿಯ ಹೆಂಗಸರನ್ನು ಒಬ್ಬೊಬ್ಬರಾಗಿ ಕರೆದು, ಪರದೆಯ ಹಿಂದೆ ಎಡ ಎದೆ ಚಪ್ಪಟೆಯಾಗುವಂತೆ ಪಟ್ಟಿ ಬಿಗಿದು, ಕನ್ನಡಿಯ ಮುಂದೆ ನಿಲ್ಲಿಸಿದಳು. "ಯಾಕ ಅಂತ ಕೇಳಬ್ಯಾಡ್ರಿ."

"ಕೇಳೂದಿಲ್ಲ ಬಿಡು," ಎಂದಳು ದುರುಗವ್ವ. "ಆದ್ರ ಇದ ಅಳತಿಗೆ ನನ್ನ ಕುಪ್ಪಸ ಹೊಲದಿ ಅಂದ್ರ ಹಾಲು ಬಂದ್!"

ಕೊನೆಗೆ ಸುಮಿತ್ರಾಬಾಯಿಯೂ ಪಟ್ಟಿ ಬಿಗಿದುಕೊಂಡು ನಿಂತಳು. ಒಟ್ಟು ನಲವತ್ತು.

ಭಾನುವಾರ ಕಮಲಾಕ್ಷಿ ತನ್ನ ಬಾಯಿಂದಲೇ ಹೇಳಿದಳು. ಬೀಗಿತಿ "ಒಬ್ಬಾಕಿನ ಇಷ್ಟು ತಡಕೊಂಡ್ರ್ಯಾ?" ಎಂದು ಕೈ ಹಿಡಿದುಕೊಂಡಳಂತೆ.

ಎಲ್ಲ ಮುಗಿಯಿತು ಎಂದುಕೊಂಡಿದ್ದಾಗ ಓಣಿಗೆ ಆಸ್ಪತ್ರೆಯ ವಾಹನ ಬಂತು. ಒಂದೇ ಓಣಿಯಲ್ಲಿ ಇಷ್ಟು ರೋಗಿಗಳೇ ಎಂದು ದತ್ತಭಂಡಾರದ ಯಂತ್ರ ಗಾಬರಿಗೊಂಡು ಸುದ್ದಿ ಕಳಿಸಿತ್ತು. ಹೆಂಗಸರು ನಗುತ್ತಲೇ ತಪಾಸಣೆಗೆ ಹೋದರು. ಮೂವತ್ತೊಂಬತ್ತು ಮಂದಿಗೆ ಏನೂ ಇರಲಿಲ್ಲ. ನಲವತ್ತನೆಯವಳಾದ ಸುಮಿತ್ರಾಬಾಯಿಗೆ ಎಡಗಡೆ ಸಣ್ಣದೊಂದು ಗಂಟಿತ್ತು. ಬೇಗ ಸಿಕ್ಕಿತು, ಜೀವಕ್ಕೆ ಭಯವಿಲ್ಲ ಎಂದರು ವೈದ್ಯರು. ಹಾಗಾದರೆ ಕನ್ನಡಿ ಒಳ್ಳೆಯದನ್ನು ಮಾಡಿತೇ? ಪ್ರಫುಲ್ಲಾ ಬಹಳ ದಿನ ಯೋಚಿಸಿದರು. ವಾಹನವನ್ನು ಕರೆಸಿದ ಆ ನಲವತ್ತು ಅಳತೆಗಳೂ ಸುಳ್ಳಾಗಿದ್ದವು.

ಸುಮಿತ್ರಾಬಾಯಿಯ ಎಡ ಸ್ತನದ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾದ ಮೇಲೆ ಕಮಲಾಕ್ಷಿ ಅಂಗಡಿಗೆ ಬಂದಳು. ಕನ್ನಡಿಗೆ ದುಪಟಿ ಹೊದಿಸಿ, ಪರದೆ ಎಳೆದು, ಮೊಳೆಗೆ ತೂಗುಹಾಕಿದ್ದ ಟೇಪನ್ನು ಕೈಗೆ ತೆಗೆದುಕೊಂಡಳು.

"ನಿನಗ ಅಳತಿ ತಗೋಳಾಕ ಬರತೈತೇನ?"

"ಆರು ವರ್ಷ ನಿನ್ನ ನೋಡೀನಿ. ಗಪ್ಪನ ನಿಂದ್ರು."

ಅಳೆದಾದ ಮೇಲೆ ಕಮಲಾಕ್ಷಿ ಹಳೆಯ ಪುಸ್ತಕ ತೆರೆದು, ಎರಡೂ ಬದಿಗೆ ಒಂದೇ ಅಂಕಿ ಬರೆದಳು.