ಹಾಯಿಗೆ ಹಚ್ಚಿದ ಕೌದಿ

ನೆರೆಮನೆಯ ಪೀರಸಾಬನ ಕಾಗದ ಸವಣೂರಿನಿಂದ ಏಡನ್ನಿಗೆ ಬಂದು ಮುಟ್ಟಲು ಎರಡೂವರೆ ತಿಂಗಳು ಹಿಡಿದಿತ್ತು. ಅದು ೧೯೪೨ನೆಯ ಇಸವಿ. ಯುದ್ಧದ ಗದ್ದಲದಲ್ಲಿ ಕಾಗದಗಳೂ ಸುತ್ತಿ ಬಳಸಿ ಓಡಾಡುತ್ತಿದ್ದವು. ಸಿರಾಜುದ್ದೀನ ತನ್ನ ಚಿಕ್ಕ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅದನ್ನು ಹೆಂಡತಿ ಹಾಜರಾಬಿಗೆ ಓದಿ ಹೇಳಿದ.

"ನಿಮ್ಮ ತಾಯಿ ತೀರಿಕೊಂಡ್ರು. ನಿಮ್ಮ ಮಗಳು ಮರಿಯಮಬಿ ಸದ್ಯ ನಮ್ಮ ಮನ್ಯಾಗ ಅದಾಳ. ಕೆಲಸದ ಸಲುವಾಗಿ ನಾವೆಲ್ಲಾರೂ ಪುಣೆಕ್ಕ ಹೊಂಟೇವಿ. ಜೂನ್ ಒಂದನೇ ತಾರೀಖಿನೊಳಗ ನೀವು ಬರಲಿಲ್ಲಂದ್ರ ಹುಡುಗೀನ ಯತೀಮಖಾನೆಗೆ ಬಿಡೂದ ಆಗ್ತೈತಿ."

ಯತೀಮಖಾನೆ ಎಂದರೆ ಅನಾಥ ಮಕ್ಕಳ ಮನೆ. ತಾಯಿ ತಂದೆ ಗಟ್ಟಿಮುಟ್ಟಾಗಿ ಬದುಕಿರುವಾಗ ಮಗಳು ಅನಾಥೆ! ಹಾಜರಾಬಿ ಅಳುತ್ತ ಕೂಡಲಿಲ್ಲ, ಅಂದೇ ಗಂಟುಮೂಟೆ ಕಟ್ಟತೊಡಗಿದಳು. ಏಡನ್ನಿನ ಬಿಸಿಲು ತಾಳದೆ ಪದೇ ಪದೇ ಜ್ವರ ಬೀಳುತ್ತಿದ್ದ ಮೂರು ವರ್ಷದ ಕೂಸನ್ನು ಅತ್ತೆಯ ಬಳಿ ಬಿಟ್ಟು ಐದು ವರ್ಷವಾಗಿತ್ತು.

ಆದರೆ ಹೋಗುವುದು ಹೇಗೆ? ಉಗಿಹಡಗುಗಳನ್ನೆಲ್ಲ ಸಿಪಾಯಿಗಳ ಸಾಗಾಟಕ್ಕೆ ಹಿಡಿದಿದ್ದರು. ಉಳಿದದ್ದು ಮಜೀದನ ಹಾಯಿಹಡಗು. ಭಟ್ಕಳದ ಈ ನಾವಿಕ ಬಂಕಾಪುರದ ಹೆಣ್ಣನ್ನು ಲಗ್ನವಾಗಿದ್ದ. ಹೆಂಡತಿಯ ಮಾತು ಕೇಳಿ ಕೇಳಿ ಅವನ ಕನ್ನಡವೂ ಬಂಕಾಪುರದ್ದೇ ಆಗಿತ್ತು.

"ಉಪ್ಪು ಹೇರೇನಿ. ಕುಮಟಾ ಬಂದರಕ್ಕ ಇಪ್ಪತ್ತೈದು ದಿನ," ಎಂದ ಮಜೀದ. "ಮೇ ಕಡೀಕ ಮುಂಗಾರು ಹೊಡೀತೈತಿ. ಹೊಡೀತಂದ್ರ ನಮ್ಮ ಕಡಿ ಒಂದೂ ಬಂದರಾ ಒಳಗ ಬಿಟ್ಕೊಳ್ಳಂಗಿಲ್ಲ. ತಂಗಿ, ಅಡಿಗಿ ನಿಂದು. ನೀರಿನ ಪೀಪಾಯಿನೂ ನಿನ್ನ ಕಡೇನ ಇರ್ಲಿ. ಸಿರಾಜಭಾಯಿ ಹಗ್ಗ ಎಳೀಲಿ."

"ನನಗ ಎಲ್ಲಿ ಬರ್ತೈತ್ರಿ?" ಎಂದ ಸಿರಾಜುದ್ದೀನ.

"ಬಾವಿ ನೀರು ಸೇದಿಲ್ಲೇನು? ಹಂಗ ಎಳದ್ರಾತು."

ಸಿರಾಜುದ್ದೀನ ಹುಟ್ಟಿ ಬೆಳೆದದ್ದು ಸವಣೂರಿನ ಎಲೆಬಳ್ಳಿ ತೋಟದಲ್ಲಿ. ಅವನು ಈಜು ಕಲಿತ ಮೋತಿ ತಲಾಬು ಕೆರೆಯ ಆಚೆ ದಂಡೆಯಲ್ಲಿ ಎಮ್ಮೆ ನಿಂತರೆ ಯಾರದೆಂದು ಗುರುತು ಹಿಡಿಯಬಹುದಿತ್ತು. ಈ ನೀರಿಗೆ ಆಚೆ ದಂಡೆಯೇ ಇರಲಿಲ್ಲ. ಏಪ್ರಿಲ್ ಇಪ್ಪತ್ತೆಂಟರಂದು ಹಡಗು ಬಿಟ್ಟಿತು. ಹಡಗಿನಲ್ಲಿ ನಾಲ್ಕೇ ಜನ: ಗಂಡಹೆಂಡತಿ, ಮಜೀದ, ಮತ್ತು ಅವನ ಹಳೆಯ ಕೈಯಾಳು ಬಾಬಾಜಾನ.

ಮೊದಲ ದಿನಗಳಲ್ಲಿ ಗಾಳಿ ಕೈಕೊಡಲಿಲ್ಲ. ಏಡನ್ನಿನ ಕರಿಗುಡ್ಡಗಳು ಸಣ್ಣವಾಗುತ್ತ ಹೋಗಿ ಮೂರನೆಯ ದಿನ ನೀಲಿಯೊಂದೇ ಉಳಿಯಿತು. ಮುಂಜಾನೆ ಹಾರುವ ಮೀನುಗಳು ಹಡಗಿನ ಹಲಗೆಯ ಮೇಲೆ ಬಿದ್ದಿರುತ್ತಿದ್ದವು. ಬಾಬಾಜಾನ ಅವನ್ನು ಆಯ್ದು ಹಾಜರಾಬಿಗೆ ಕೊಡುತ್ತಿದ್ದ. ಅಡಿಗೆ ಮುಗಿದ ಮೇಲೆ ಅವಳು ಕೌದಿ ಹರವಿಕೊಂಡು ಹೊಲಿಯುತ್ತಿದ್ದಳು. ಅತ್ತೆಯ ಸೀರೆ, ಗಂಡನ ಲುಂಗಿ, ಮಗಳು ಬಿಟ್ಟುಹೋದ ಅಂಗಿ, ಎಲ್ಲ ಅದರಲ್ಲಿದ್ದವು. ಮಗಳಿಗೆಂದು ಐದು ವರ್ಷದಿಂದ ಹೊಲಿದ ಕೌದಿಯಲ್ಲಿ ಒಂದು ಮೂಲೆಯನ್ನಷ್ಟೇ ತೆರೆದಿಟ್ಟಿದ್ದಳು. ಕೌದಿಯ ಹೊಟ್ಟೆ ಬರಿದಾಗಿಟ್ಟು ಅದನ್ನು ಮುಚ್ಚಬಾರದು. ಹೊದೆಯುವವರೇ ಕೈಯಾರೆ ರೊಟ್ಟಿಯ ಚೂರು ಇಟ್ಟ ಮೇಲೆ ಕಡೆಯ ಹೊಲಿಗೆ ಹಾಕಬೇಕು ಎಂಬುದು ಅವಳ ಮನೆಯ ಪದ್ಧತಿ.

ಹನ್ನೆರಡನೆಯ ದಿನ ಮಜೀದ ಎರಡನೆಯ ಪೀಪಾಯಿಯನ್ನು ಗೆಣ್ಣಿನಿಂದ ಬಡಿದ. ಟೊಳ್ಳು ಸದ್ದು ಬಂತು.

"ಇದನ್ನ ಇನ್ನ ಮುಂದ ತೆರಿಬೇಕಾಗಿತ್ತು. ಆಗ್ಲೇ ಅರ್ಧ ಖಾಲಿ! ಸೋರೈತೇನೋ ನೋಡು."

ಬಾಬಾಜಾನ ತಳ ಸವರಿದ. "ಒಣಾ ಐತಿ."

"ಹಂಗಾರ ನೀನ ಕದ್ದು ಮೈ ತೊಳಕೊಂಡಿ."

"ಅಲ್ಲಾನ ಆಣಿ ಇಲ್ಲ!" ಮುದುಕ ಎದೆಯ ಮೇಲೆ ಕೈ ಇಟ್ಟುಕೊಂಡ.

ಹಾಜರಾಬಿಗೆ ಎಲ್ಲ ಆಗಲೇ ಹೊಳೆದಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬಾಬಾಜಾನನ ಮುಖ ನೋಡಿ ಸುಮ್ಮನಿರುವುದು ಅವಳಿಂದಾಗಲಿಲ್ಲ.

"ನಾನ ಚೆಲ್ಲೇನ್ರಿ, ಅಣ್ಣಾರ."

"ಚೆಲ್ಲಿದಿ?"

"ದಿನಾ ಮುಂಜಾನೆದ್ದು ಕೊಡದಾಗಿನ ತಂಗಳ ನೀರು ಚೆಲ್ಲಿ, ಕೊಡ ತಿಕ್ಕಿ ಹೊಸಾ ನೀರು ತುಂಬತಿದ್ದೆ. ಕೈಯಿ ತಾನ ಮಾಡಿಬಿಡ್ತು. ಖಬರ ಇರಲಿಲ್ಲ."

ರಾತ್ರಿ ಉಳಿದ ನೀರು ಕುಡಿಯುವ ಮನೆಯಲ್ಲಿ ಸಿರಿ ಬರಕತ್ತು ನಿಲ್ಲುವುದಿಲ್ಲ ಎಂದು ಅತ್ತೆ ಕಲಿಸಿದ್ದಳು. ಹತ್ತಿರದಲ್ಲೇ ಬಾವಿಯಿದ್ದ ಊರಿಗೆ ಅದು ಒಳ್ಳೆಯ ಪಾಠ. ಇಲ್ಲಿ ದಿನಕ್ಕೆ ಅರ್ಧ ಕೊಡದಂತೆ ಅವರ ಆಯುಷ್ಯವೇ ಸಮುದ್ರಕ್ಕೆ ಹೋಗಿತ್ತು.

ಮಜೀದ ಬೈಯಲು ಬಾಯಿ ತೆರೆದವನು ತಲೆ ಹಿಡಿದುಕೊಂಡು ಕುಳಿತುಬಿಟ್ಟ. "ನನ್ನ ಹೇಂತಿನೂ ಹಂಗ ಮಾಡ್ತಾಳ. ಮೊದಲ ಹೇಳಬೇಕಿತ್ತು ನಾನು. ಇವತ್ತಿನಿಂದ ದಿನಕ್ಕ ಎರಡು ಲೋಟ, ಅಷ್ಟ." ಬಾಬಾಜಾನನ ಹೆಗಲ ಮೇಲೆ ಕೈ ಇಟ್ಟು, "ತಪ್ಪಾತೋ," ಎಂದ.

ಮರುದಿನವೇ ಗಾಳಿ ನಿಂತಿತು. ಐದು ದಿನ ಹಾಯಿ ಜೋತುಬಿದ್ದಿತ್ತು. ಹಡಗಿನಿಂದ ಎಸೆದ ಈರುಳ್ಳಿ ಸಿಪ್ಪೆ ಸಂಜೆಯವರೆಗೂ ಪಕ್ಕದಲ್ಲೇ ತೇಲುತ್ತಿತ್ತು. ಸಿರಾಜುದ್ದೀನ ಮನಸ್ಸಿನಲ್ಲೇ ತಾರೀಖು ಎಣಿಸುತ್ತಿದ್ದ, ಹೆಂಡತಿಯೆದುರು ಬಾಯಿ ಬಿಡುತ್ತಿರಲಿಲ್ಲ. ಅವಳೂ ಎಣಿಸುತ್ತಿದ್ದಳು.

ಮೇ ಇಪ್ಪತ್ತರ ಮಧ್ಯಾಹ್ನ ನೈಋತ್ಯದ ಆಕಾಶ ಕಪ್ಪಾಯಿತು.

"ಹಾಯಿ ಇಳಸ್ರಿ!" ಮಜೀದ ಕೂಗಿದ.

ಸಿರಾಜುದ್ದೀನ ಹಗ್ಗಕ್ಕೆ ಜೋತುಬಿದ್ದ. ಅಂಗೈ ಸುಲಿಯಿತು. ಗಾಳಿ ಬಂದು ಬಡಿಯಿತು. ಹಡಗು ಒಂದು ಪಕ್ಕಕ್ಕೆ ಬಾಗಿತು. ಹಾಯಿ ಅರ್ಧ ಇಳಿದಿತ್ತಷ್ಟೆ.

ಚರ್ರ್!

ಮೇಲಿಂದ ಕೆಳಗಿನವರೆಗೆ ಸೀಳಿತು.

ಅರ್ಧ ಗಂಟೆಯಲ್ಲಿ ಎಲ್ಲ ಮುಗಿದುಹೋಯಿತು. ನಾಲ್ವರೂ ಬದುಕಿದ್ದರು. ಆದರೆ ಕೆಳಗಿಟ್ಟಿದ್ದ ಇನ್ನೊಂದು ಹಾಯಿಯನ್ನು ಬಿಚ್ಚಿದರೆ ಇಲಿಗಳು ಅದನ್ನು ಜಾಳಿಗೆ ಮಾಡಿದ್ದವು. ಮಜೀದ ಹರಿದ ಹಾಯಿಯನ್ನೇ ದಪ್ಪ ದಾರದಿಂದ ಹೊಲಿದು ಏರಿಸಿದ. ಒಂದು ತಾಸಿನಲ್ಲಿ ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿಯಿತು.

"ಹಳೇ ಅರಿಬಿಗೆ ಒಂದ ಸಾಲು ಹಾಕಿದ್ರ ದಾರಾನ ಅದನ್ನ ಕೊಯ್ತೈತ್ರಿ," ಎಂದಳು ಹಾಜರಾಬಿ. ನೀರಿನ ಮಾತು ಹೊರಬಿದ್ದ ಮೇಲೆ ಅವಳು ತಾನಾಗಿ ಬಾಯಿ ಬಿಟ್ಟದ್ದು ಅದೇ ಮೊದಲು. "ಕೆಳಗ ದಪ್ಪಾಗಿ ಅರಿಬಿ ಕೊಟ್ಟು, ಬೆರಳಗಲಕ್ಕೊಂದು ಸಾಲು ಹಾಕಬೇಕು. ಆಗ ಎಳತ ಎಲ್ಲಾ ಸಾಲಿಗೂ ಹಂಚಿಕೊಂಡು ಹೋಗ್ತೈತಿ."

"ಅಷ್ಟು ದಪ್ಪನ್ನ ಅರಿಬಿ ಎಲ್ಲಿಂದ ತರ್ಲಿ?"

ಅವಳು ಒಳಗೆ ಹೋಗಿ ಕೌದಿ ತಂದಳು.

"ಹಾಜರಾ, ಅದು ಹುಡುಗೀದು," ಎಂದ ಸಿರಾಜುದ್ದೀನ.

"ಹುಡುಗಿನ ಸಿಗಲಿಲ್ಲಂದ್ರ ಕೌದಿ ಯಾರಿಗ್ರಿ ಹೊಚ್ಲಿ?"

ಎರಡು ಹಗಲು ನಾಲ್ವರೂ ಹೊಲಿದರು. ಅವಳು ಸಾಲು ಹಿಡಿದು ತೋರಿಸುವಳು, ಗಂಡಸರು ದಬ್ಬಳ ತೂರಿಸುವರು. ಮಜೀದನ ಸಾಲು ಸೊಟ್ಟಗಾದಾಗ ಅವಳು ಬಿಚ್ಚಿಸಿ ಮತ್ತೆ ಹಾಕಿಸಿದಳು. "ಸಮುದ್ರದಾಗ ನನಗ ಇಷ್ಟು ಬೈದಾಕಿ ನೀನ ಮೊದಲು," ಎಂದು ಅವನು ಗೊಣಗಿದ. ತೆರೆದ ಮೂಲೆಗೆ ಗಾಳಿ ಹೊಗಬಾರದೆಂದು ನಾಲ್ಕು ಕಚ್ಚಾ ಹೊಲಿಗೆ ಹಾಕಿದಳು.

ಹಾಯಿ ಏರಿತು. ಗಾಳಿ ತುಂಬಿತು. ಹಳೆಯ ಸೀರೆ, ಲುಂಗಿ, ಅಂಗಿಗಳ ಬಣ್ಣಬಣ್ಣದ ತೇಪೆ ಹೊತ್ತುಕೊಂಡು ಹಡಗು ಮೂಡಣಕ್ಕೆ ಓಡಿತು. ಒಂದೊಂದು ಜೋರು ಗಾಳಿಗೂ ನಾಲ್ವರ ಕಣ್ಣು ಮೇಲಕ್ಕೆ ಹೋಗುತ್ತಿತ್ತು.

ನೀರು ದಿನಕ್ಕೊಂದು ಲೋಟಕ್ಕೆ ಇಳಿಯಿತು. ಇಪ್ಪತ್ತೇಳರಂದು ಹಾಜರಾಬಿ ಗಂಡನ ಲೋಟಕ್ಕೆ ತನ್ನದನ್ನೂ ಸುರಿಯುವುದನ್ನು ಅವನು ಕಂಡ.

"ನೀ ಕುಡದಿ?"

"ಕುಡದೇನ್ರಿ."

"ತುಟಿ ಒಡದು ರಕ್ತ ಬಂದೈತಿ. ಸುಳ್ಳು ಹೇಳಬ್ಯಾಡ."

"ಚೆಲ್ಲಿದಾಕಿ ನಾನಲ್ಲೇನ್ರಿ?"

"ನೀರು ಹೋದ್ರ ಹೋತು. ಹುಡುಗಿ ಮುಂದ ನಾ ಒಬ್ಬನ ಹೋಗಿ ನಿಂತು ಏನಂತ ಹೇಳ್ಲಿ?" ಅವನು ಲೋಟವನ್ನು ಅವಳ ಬಾಯಿಗೆ ಹಿಡಿದ, ಅವಳು ಕುಡಿಯುವವರೆಗೂ ಕೈ ತೆಗೆಯಲಿಲ್ಲ.

ಇಪ್ಪತ್ತೊಂಬತ್ತರ ಬೆಳಗಿನಲ್ಲಿ ಮೋಡದ ಕೆಳಗೆ ಗುಡ್ಡದ ಸಾಲು ಕಂಡಿತು. ಕುಮಟಾ! ಆದರೆ ಸಂತೋಷಪಡಲು ಪುರುಸೊತ್ತಿರಲಿಲ್ಲ. ಅಳಿವೆಯ ಬಾಯಲ್ಲಿ ಅಲೆಗಳು ಆಗಲೇ ಒಡೆಯುತ್ತಿದ್ದವು.

"ಒಂದ ಸಲ ಹೊಕ್ವಿ ಅಂದ್ರ ತಿರುಗಿ ಬರಾಕ ಆಗಂಗಿಲ್ಲ. ಹಾಯಿ ತಡೀಬೇಕು," ಎಂದ ಮಜೀದ.

ಹಿಂದಿನ ಅಲೆ ಹಡಗನ್ನು ಎತ್ತಿತು. ಹಾಯಿ ಗುಡುಗಿತು. ಕೌದಿಯ ಕಚ್ಚಾ ಹೊಲಿಗೆ ಪಟಪಟ ಕಿತ್ತು ಮೂಲೆ ತೆರೆಯಿತು.

"ಯಾ ಅಲ್ಲಾ!"

ಒಂದು ಗೇಣು ಬಿಚ್ಚಿತು. ಮುಂದಿನ ಸಾಲು ತಡೆಯಿತು.

ತಳ ಮರಳಿಗೆ ತಾಗಿ ಹಡಗು ಜರ್ರನೆ ಉಜ್ಜಿತು, ಮತ್ತೊಂದು ಅಲೆ ನೂಕಿತು, ಮರುಕ್ಷಣ ಸುತ್ತಲೂ ಶಾಂತವಾದ ಹೊಳೆಯ ನೀರು. ಬಾಬಾಜಾನ ಕೊಡ ಇಳಿಸಿ ಮೊಗೆದ. ಅದಿನ್ನೂ ಉಪ್ಪಾಗಿಯೇ ಇತ್ತು. ದಂಡೆಗೆ ಇಳಿದದ್ದೇ ನಾಲ್ವರೂ ಬಾವಿಯತ್ತ ಓಡಿದರು.

ಮಜೀದ ಕೌದಿಯನ್ನು ಹಾಯಿಯಿಂದ ಜೋಪಾನವಾಗಿ ಬಿಡಿಸಿಕೊಟ್ಟ. "ನನ್ನ ಅರ್ಧ ಹಾಯಿ ಕಿತ್ಗೊಂಡು ಹೊಂಟ್ಯಲ್ಲ, ತಂಗಿ. ಬಂಕಾಪುರದಾಗ ನಮ್ಮ ಅತ್ತಿ ಮಾಬೂಬಿ ಮನಿಗೆ ಹೋಗ್ರಿ. ಅವರ ಮನ್ಯಾಗ ಬಂಡಿ ಐತಿ."

ಇದ್ದಿಲು ಗ್ಯಾಸಿನ ಬಸ್ಸು ಘಟ್ಟ ಹತ್ತಲು ಒಂದು ದಿನ ತೆಗೆದುಕೊಂಡಿತು. ಅರ್ಧ ದಾರಿ ಪ್ರಯಾಣಿಕರೇ ಅದನ್ನು ನೂಕಿದರು. ಮೇ ಮೂವತ್ತೊಂದರ ನಡುಹಗಲಿಗೆ ಹಾನಗಲ್ಲು ಮುಟ್ಟುತ್ತಲೇ ಅದು ಕೆಮ್ಮಿ ನಿಂತಿತು.

"ಇದ್ದಿಲು ತೀರೈತ್ರಿ. ನಾಳೆ ಮಧ್ಯಾಹ್ನ ನೋಡೂಣು," ಎಂದ ಡ್ರೈವರ್ ಕರಿಬಸಪ್ಪ.

ನಾಳೆ ಎಂದರೆ ಜೂನ್ ಒಂದು! ಸಿರಾಜುದ್ದೀನ ಗಂಟನ್ನು ತಲೆಯ ಮೇಲಿಟ್ಟು ನಡೆಯತೊಡಗಿದ. ಹಾಜರಾಬಿ ಕೌದಿ ಹೊತ್ತು ಹಿಂಬಾಲಿಸಿದಳು. ಕಾಲು ಬೊಬ್ಬೆ ಬಂದ ಹೊತ್ತಿಗೆ ಬಂಕಾಪುರ ಸಿಕ್ಕಿತು. ಮಾಬೂಬಿ ಉಣ್ಣಿಸಿ ಮಲಗಿಸಿ, ನಸುಕಿನಲ್ಲಿ ಎರಡು ಜೋಳದ ರೊಟ್ಟಿ ಕಟ್ಟಿಕೊಟ್ಟು ಬಂಡಿ ಹತ್ತಿಸಿದಳು.

ಸವಣೂರಿನಲ್ಲಿ ಪೀರಸಾಬನ ಮನೆಯ ಮುಂದೆ ಇನ್ನೊಂದು ಬಂಡಿ ನಿಂತಿತ್ತು. ಸಾಮಾನೆಲ್ಲ ಹೇರಿಯಾಗಿತ್ತು. ಹೊಸ್ತಿಲ ಪಕ್ಕದ ಟ್ರಂಕಿನ ಮೇಲೆ ಎಂಟು ವರ್ಷದ ಹುಡುಗಿ ಕುಳಿತಿದ್ದಳು.

"ಯಾರು ಬೇಕಾಗಿತ್ರಿ? ಚಾಚಾ ಒಳಗ ಅದಾರ," ಎಂದಳು.

ಹಾಜರಾಬಿ ಕೌದಿಯನ್ನು ಕೆಳಗಿಟ್ಟಳು. ಸಿರಾಜುದ್ದೀನ ಗೋಡೆ ಹಿಡಿದುಕೊಂಡ.

ಬಿಸಿಲಲ್ಲಿ ಬಂದವರು, ಬಾಯಾರಿದ್ದಾರೆ ಎಂದುಕೊಂಡ ಹುಡುಗಿ ಪಡಸಾಲೆಯ ಕೊಡದತ್ತ ಓಡಿದಳು. "ತಡೀರಿ, ಇದು ತಂಗಳ ನೀರು. ಚೆಲ್ಲಿ ಹೊಸಾದು ತರ್ತೇನಿ." ಕೊಡ ಎತ್ತಿ ಅಂಗಳಕ್ಕೆ ಬಗ್ಗಿಸಿದಳು.

ಹಾಜರಾಬಿ ಧಾವಿಸಿ ಆ ಪುಟ್ಟ ಕೈ ಹಿಡಿದಳು. "ಚೆಲ್ಲಬ್ಯಾಡ, ಬೇಟಾ. ಅದನ್ನ ಕೊಡು." ಬೊಗಸೆಯೊಡ್ಡಿ ಗಟಗಟನೆ ಕುಡಿದಳು.

ಹುಡುಗಿಗೆ ಅಚ್ಚರಿಯಾಯಿತು. "ತಂಗಳ ನೀರು ಕುಡೀಬಾರದು ಅಂತ ನಮ್ಮ ದಾದಿಮಾ ಹೇಳ್ತಿದ್ಲು," ಎಂದು ಅಜ್ಜಿಯ ಮಾತು ನೆನೆದಳು.

"ನನಗೂ ಆಕೀನ ಹೇಳಿಕೊಟ್ಟಾಳ, ಮರಿಯಮ."

ಹುಡುಗಿ ಅವಳನ್ನೇ ನೋಡಿದಳು, ಗೋಡೆ ಹಿಡಿದು ಅಳುತ್ತಿದ್ದ ಗಂಡಸನ್ನು ನೋಡಿದಳು, ಮತ್ತೆ ಅವಳನ್ನು ನೋಡಿದಳು. "ಅಮ್ಮಾ ಏನ್ರಿ ನೀವು?" ಎಂದು ಮೆಲ್ಲಗೆ ಕೇಳಿದಳು.

ಪೀರಸಾಬ ಹೊರಗೆ ಬಂದಾಗ ಮೂವರೂ ಟ್ರಂಕಿನ ಬಳಿ ನೆಲದ ಮೇಲೆ ಕುಳಿತಿದ್ದರು. ಹರಡಿದ ಕೌದಿಯ ತೆರೆದ ಮೂಲೆಯೊಳಗೆ ಮರಿಯಮಬಿ ಬಂಕಾಪುರದ ರೊಟ್ಟಿಯ ಚೂರು ತುರುಕುತ್ತಿದ್ದಳು. ಹಾಜರಾಬಿ ಸೂಜಿಗೆ ದಾರ ಪೋಣಿಸಲು ನೋಡಿದಳು. ಮೂರು ಸಲವೂ ತಪ್ಪಿತು.

"ಇಲ್ಲಿ ಕೊಡಮ್ಮಾ," ಎಂದು ಮಗಳು ಸೂಜಿ ತೆಗೆದುಕೊಂಡಳು.